ಗಢಿಯ ಬಾಗಿಲಲ್ಲಿ ನಿಂತು

ಬೀದರದ ಗಾಂಧಿ ಗಂಜಿನಲ್ಲಿ ಸುಗ್ಗಿಯ ದಿನಗಳಲ್ಲಿ ಒಮ್ಮೆ ಬೆಳಗಿನ ಹೊತ್ತು ನಿಂತು ನೋಡಬೇಕು. ಅಡತಿ ಅಂಗಡಿಗಳ ಮುಂದೆ ತೊಗರಿ, ಉದ್ದು, ಹೆಸರು, ಕಡಲೆ, ಈಚಿನ ವರ್ಷಗಳಲ್ಲಿ ಸೋಯಾ, ಹೀಗೆ ಕಾಳು ರಾಶಿ ರಾಶಿಯಾಗಿ ಸುರಿದಿರುತ್ತದೆ. ಹಮಾಲರು ಬೆನ್ನ ಮೇಲೆ ಚೀಲ ಹೊತ್ತು ರಾಶಿಗಳ ನಡುವಿನ ಕಿರುದಾರಿಯಲ್ಲಿ ಎಡವದೆ ನಡೆಯುತ್ತಾರೆ. ರೈತನು ತನ್ನ ರಾಶಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಆಡಿಸುತ್ತಿರುತ್ತಾನೆ. ದರ ನಿಶ್ಚಯವಾಗುವ ತನಕ ಆ ಕಾಳು ಅವನದು. ಆಮೇಲೆ ಅದು ಎಲ್ಲಿಗೋ ಹೊರಟುಹೋಗುತ್ತದೆ.

ಅಂಥ ಒಂದು ಬೆಳಿಗ್ಗೆ ನಾನು ಅಲ್ಲಿ ಒಬ್ಬ ಹಿರಿಯ ರೈತರ ಜೊತೆಗೆ ಚಹಾ ಕುಡಿಯುತ್ತ ಕುಳಿತಿದ್ದೆ. ಭಾಲ್ಕಿ ತಾಲ್ಲೂಕಿನ ಒಂದು ಹಳ್ಳಿಯವರು. ತೊಗರಿ ಮಾರಿ ಮುಗಿದಿತ್ತು. ಬಸ್ಸಿಗೆ ಇನ್ನೂ ಸಮಯವಿತ್ತು. ಮಾತಿಗೆ ಮಾತು ಬೆಳೆದು ನಾನು ಕೇಳಿದೆ: “ಕಾಕಾ, ಈ ಗಂಜ್ ಆಗೂ ಮುಂಚಿ ನಿಮ್ಮ ಊರಿನ ಕಾಳು ಎಲ್ಲಿಗಿ ಹೋಗ್ತಿತ್ತು?”

ಅವರು ಬಟ್ಟಲನ್ನು ಕೆಳಗಿಟ್ಟು, ಇಷ್ಟೂ ತಿಳಿಯದೆ ಎನ್ನುವಂತೆ ನನ್ನನ್ನು ನೋಡಿದರು. “ಎಲ್ಲಿಗಿ ಹೋಗ್ತದ್ರಿ ಮಾಸ್ತರ್, ಗಢಿಗಿ.”

ಗಢಿ ಎಂಬ ಈ ಮಾತು ಮೈಸೂರು ಸೀಮೆಯ ಕೇಳುಗರಿಗೆ ಅಷ್ಟು ಪರಿಚಿತವಲ್ಲದಿರಬಹುದು. ಗಡಿ ಎಂದರೆ ಎಲ್ಲೆ. ಗಢಿ ಎಂದರೆ ಚಿಕ್ಕ ಕೋಟೆ. ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕನ್ನಡ, ಮರಾಠಿ, ತೆಲುಗು ಪ್ರದೇಶಗಳಲ್ಲೆಲ್ಲ ಈ ಶಬ್ದ ಸ್ವಲ್ಪ ಉಚ್ಚಾರಭೇದದೊಡನೆ ಬಳಕೆಯಲ್ಲಿದೆ. ಅದು ಅರಸನ ಕೋಟೆಯಲ್ಲ; ಒಂದು ಮನೆತನದ ಕೋಟೆ. ಜಾಗೀರದಾರನೋ ದೇಶಮುಖನೋ ತನ್ನ ಹೆಂಡಿರು ಮಕ್ಕಳು, ಆಳುಕಾಳು, ಲೆಕ್ಕದ ದಫ್ತರ, ಕಾಳಿನ ದಾಸ್ತಾನು ಇವೆಲ್ಲವನ್ನೂ ಒಂದೇ ಗೋಡೆಯ ಒಳಗೆ ಇಟ್ಟುಕೊಂಡು ಬಾಳಿದ ಮನೆ. ಬೆಳಗಾವಿ, ಧಾರವಾಡ ಕಡೆಯ ದೇಸಾಯಿಯವರ ವಾಡೆಗೂ ಇದಕ್ಕೂ ನಂಟುಂಟು. ವಾಡೆಗೆ ಕೊತ್ತಳಗಳನ್ನು ಸೇರಿಸಿದರೆ ಗಢಿಯಾಗುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ಮನೆಯೂ ಹೌದು, ಕಚೇರಿಯೂ ಹೌದು, ಕಣಜವೂ ಹೌದು, ಕೋಟೆಯೂ ಹೌದು.

ಬೀದರಕ್ಕೆ ಬಂದ ಪ್ರವಾಸಿ ನೋಡುವುದು ಬಹಮನಿ ಸುಲ್ತಾನರ ದೊಡ್ಡ ಕೋಟೆಯನ್ನು. ರಂಗೀನ್ ಮಹಲಿನ ಮುತ್ತಿನ ಚಿಪ್ಪಿನ ಕುಸುರಿ, ತಖ್ತ್ ಮಹಲಿನ ಹೆಂಚಿನ ಚಿತ್ತಾರ, ಮಹಮೂದ್ ಗವಾನನ ಮದರಸ, ಇವುಗಳ ಮುಂದೆ ನಿಂತು ಅವನು ಬೆರಗಾಗುತ್ತಾನೆ; ಆಗಬೇಕಾದದ್ದೇ. ಆದರೆ ಸುಲ್ತಾನನು ಹಳ್ಳಿಯ ರೈತನಿಗೆ ಬಲು ದೂರದವನು. ರೈತನ ಬಾಳಿನ ಹತ್ತಿರ ನಿಂತು ಅದನ್ನು ಅಳೆದದ್ದು ಈ ಚಿಕ್ಕ ಕೋಟೆ. ಆದಕಾರಣ ಆ ದಿನ ನಾನೂ ಅವರ ಜೊತೆಗೆ ಭಾಲ್ಕಿಯ ಬಸ್ಸು ಹತ್ತಿದೆ.

ಬೀದರದಿಂದ ಭಾಲ್ಕಿ ಸುಮಾರು ೪೦ ಕಿಲೋಮೀಟರು. ಬೀದರ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಊರು ಬಿಟ್ಟು ಇಳಿಜಾರಿಗೆ ಬರುತ್ತಿದ್ದಂತೆ ಕೆಂಪು ಹಿಂದೆ ಸರಿದು ಎರೆಯ ಕಪ್ಪು ನೆಲ ಎರಡು ಕಡೆಗೂ ಹರಡಿಕೊಳ್ಳುತ್ತದೆ. ಮಾಂಜ್ರಾ ನದಿಯನ್ನು ಸೇರುವ ಕಾರಂಜಾ ಹೊಳೆಯ ಸೀಮೆ ಅದು. ಈ ಕಪ್ಪು ನೆಲವೇ ನಮ್ಮ ಕಥೆಯ ಮೂಲ. ನೆಲ ಬಡವಾಗಿದ್ದರೆ ಅದರ ಮೇಲೆ ಕೋಟೆ ಏಳುತ್ತಿರಲಿಲ್ಲ. ಎಲ್ಲಿ ಕಾಳು ಹೆಚ್ಚೋ ಅಲ್ಲಿ ಕಾಯುವವರೂ ಹೆಚ್ಚು, ಕಸಿಯುವವರೂ ಹೆಚ್ಚು. ಕೆಲವು ವೇಳೆ ಇಬ್ಬರೂ ಒಬ್ಬರೇ.

ಭಾಲ್ಕಿಯ ಗಢಿ ಜಾಧವ ಮನೆತನಕ್ಕೆ ಸೇರಿದ್ದು. ಈ ಜಾಧವರು ಸಾಮಾನ್ಯರಲ್ಲ. ಇವರ ಮೂಲ ಸಿಂದಖೇಡದ ಜಾಧವರು. ಛತ್ರಪತಿ ಶಿವಾಜಿಯ ತಾಯಿ ಜೀಜಾಬಾಯಿಯ ತವರುಮನೆ. ಆ ವಂಶದ ಧನಾಜಿ ಜಾಧವ, ಔರಂಗಜೇಬನ ಸೇನೆಯನ್ನು ದಖ್ಖಣದಲ್ಲಿ ವರ್ಷಗಟ್ಟಲೆ ಕಾಡಿದ ಮರಾಠಾ ಸೇನಾಪತಿ. ಅವನು ೧೭೦೮ರಲ್ಲಿ ತೀರಿಕೊಂಡ ಮೇಲೆ ಮಗ ಚಂದ್ರಸೇನ ಸೇನಾಪತಿಯಾದ. ಅಷ್ಟರಲ್ಲಿ ಶಾಹು ಮಹಾರಾಜನ ಆಸ್ಥಾನದಲ್ಲಿ ಬಾಳಾಜಿ ವಿಶ್ವನಾಥನ ನಕ್ಷತ್ರ ಮೇಲೇರುತ್ತಿತ್ತು. ಹಿಂದೆ ಧನಾಜಿಯ ಕೈಕೆಳಗೆ ಲೆಕ್ಕ ಬರೆದ ಮನುಷ್ಯ ಈಗ ತನಗೆ ಸರಿಸಮನಾಗುತ್ತಿರುವುದನ್ನು ಚಂದ್ರಸೇನ ಸಹಿಸಲಿಲ್ಲ. ೧೭೧೧ರಲ್ಲಿ ಒಂದು ಜಿಂಕೆಯ ಬೇಟೆಯಲ್ಲಿ ಇಬ್ಬರ ಕಡೆಯವರಿಗೂ ಜಗಳ ಹತ್ತಿತು. ಜಿಂಕೆ ಏನಾಯಿತೋ, ಸೇನಾಪತಿ ಮಾತ್ರ ತನ್ನ ಅರಸನನ್ನೇ ತೊರೆದು ನಿಜಾಮ್-ಉಲ್-ಮುಲ್ಕನ ಪಕ್ಷ ಸೇರಿದ. ಅವನಿಗೆ ಭಾಲ್ಕಿಯ ಸುತ್ತಲಿನ ಸೀಮೆ ಜಾಗೀರಾಗಿ ಬಂತು.

ಆಮೇಲೆ ಈ ವಂಶ ನಿಜಾಮನ ಕಡೆಯ ಪ್ರಮುಖ ಮರಾಠಾ ಸರದಾರರ ಮನೆಯಾಯಿತು. ಭಾಲ್ಕಿಯ ಕೋಟೆಯನ್ನು ಕಟ್ಟಿಸಿದವರೆಂದು ರಾಮಚಂದ್ರ ಜಾಧವ ಮತ್ತು ಧನಾಜಿ ಜಾಧವ ಎಂಬ ಹೆಸರುಗಳನ್ನು ಹೇಳುತ್ತಾರೆ. ಈ ಧನಾಜಿ ಹಳೆಯ ಸೇನಾಪತಿಯಲ್ಲ. ತಾತನ ಹೆಸರು ಮೊಮ್ಮಕ್ಕಳಲ್ಲಿ ಮರಳಿ ಬರುವುದು ನಮ್ಮಲ್ಲಿ ಎಲ್ಲ ಮನೆಗಳಲ್ಲಿಯೂ ಉಂಟಲ್ಲವೆ?

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಜಾಗೀರು ಎಂದರೆ ನೆಲದ ಒಡೆತನವಲ್ಲ. ಒಂದು ಸೀಮೆಯ ಕಂದಾಯವನ್ನು ಎತ್ತಿಕೊಂಡು ಅದರಿಂದ ದಂಡನ್ನು ಸಾಕಿ, ಕರೆ ಬಂದಾಗ ಅರಸನ ಕಡೆಗೆ ಕಾದಾಡುವ ಹಕ್ಕು ಮತ್ತು ಹೊಣೆ. ಕೊಟ್ಟವನು ಹಿಂದಕ್ಕೆ ತೆಗೆದುಕೊಳ್ಳಬಹುದು; ಜಾಗೀರದಾರ ಸತ್ತಾಗ ಮಗನಿಗೆ ಹೊಸದಾಗಿ ಸನ್ನದು ಬೇಕು. ಹಾಗಿದ್ದರೆ ನಾಳೆ ಕೈತಪ್ಪಬಹುದಾದ ಸೀಮೆಯಲ್ಲಿ ಇಷ್ಟು ಹಣ ಸುರಿದು ಕಲ್ಲುಗೋಡೆ ಎಬ್ಬಿಸುವುದೇಕೆ? ನನಗೆ ತೋರುವ ಉತ್ತರ ಇದು: ಕಾಗದದ ಹಕ್ಕು ಅಲುಗಾಡುವುದರಿಂದಲೇ ಕಲ್ಲಿನ ಗೋಡೆ ಬೇಕಾಯಿತು. ಸನ್ನದು “ಸದ್ಯಕ್ಕೆ ನಿನ್ನದು” ಎನ್ನುತ್ತದೆ. ಗೋಡೆ “ಎಂದೆಂದಿಗೂ ನಮ್ಮದು” ಎನ್ನುತ್ತದೆ. ಹಳ್ಳಿಯವನಿಗೆ ಪಾರಸಿ ಸನ್ನದು ಓದಲು ಬಾರದು; ಗೋಡೆಯನ್ನು ಯಾರೂ ಓದಬಲ್ಲರು.

ಎರಡನೆಯ ಕಾರಣ ಭಯ. ೧೭೦೭ರಲ್ಲಿ ಔರಂಗಜೇಬ ಸತ್ತ ಮೇಲಿನ ನೂರು ವರ್ಷ ದಖ್ಖಣದ ಹಳ್ಳಿಗಳಿಗೆ ನೆಮ್ಮದಿಯ ಕಾಲವಲ್ಲ. ದಿಲ್ಲಿಯ ಬಾದಶಹ ೧೭೧೯ರಲ್ಲಿ ದಖ್ಖಣದ ಆರು ಸುಭೆಗಳಲ್ಲಿ, ಅವುಗಳಲ್ಲಿ ಬೀದರದ ಸುಭೆಯೂ ಒಂದು, ಚೌಥ ಮತ್ತು ಸರದೇಶಮುಖಿ ಎತ್ತುವ ಹಕ್ಕನ್ನು ಮರಾಠರಿಗೆ ಒಪ್ಪಿಸಿದ. ಚೌಥವೆಂದರೆ ಕಂದಾಯದ ನಾಲ್ಕನೆಯ ಒಂದು ಪಾಲು, ಸರದೇಶಮುಖಿ ಎಂದರೆ ಹತ್ತನೆಯ ಒಂದು ಪಾಲು. ೧೭೨೪ರಲ್ಲಿ ನಿಜಾಮ್-ಉಲ್-ಮುಲ್ಕ ದಖ್ಖಣದಲ್ಲಿ ಸ್ವತಂತ್ರನಂತೆಯೇ ನೆಲೆನಿಂತ. ಒಂದೇ ಹೊಲಕ್ಕೆ ಇಬ್ಬರು ಒಡೆಯರ ಸವಾರರು ಬರತೊಡಗಿದರು. ಇವರ ಹಿಂದೆ ಮುಂದೆ ಸಂಬಳವಿಲ್ಲದ ದಂಡುಗಳು. ಕೊನೆಗೆ ೧೮೧೭-೧೮ರ ಯುದ್ಧದಲ್ಲಿ ಅಡಗುವ ತನಕ ಪಿಂಡಾರಿಗಳು. ಕುದುರೆಯ ಧೂಳು ದೂರದಲ್ಲಿ ಕಂಡರೆ ಊರಿನವರು ದನಕರು, ಮಕ್ಕಳು, ಹಿಟ್ಟಿನ ಗಂಟು ಎತ್ತಿಕೊಂಡು ಓಡಬೇಕಾದದ್ದು ಎಲ್ಲಿಗೆ? ಊರಿನ ಬುರುಜಿಗೆ, ಅದಿಲ್ಲದಿದ್ದರೆ ಗಢಿಗೆ. ವಿಜಾಪುರ, ಬಾಗಲಕೋಟೆ ಕಡೆಯ ಹಳ್ಳಿಗಳಲ್ಲಿ ಈಗಲೂ ನಿಂತಿರುವ ಹುಡೇವುಗಳು ಅದೇ ಭಯದ ಗುರುತುಗಳು.

ಈ ಮಾತು ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಸ್ಕಾಟ್ಲೆಂಡಿನ ಗಡಿಸೀಮೆಯಲ್ಲಿ ಕುಲ ಕುಲಗಳ ನಡುವೆ ದನ ಕದಿಯುವ ದಾಳಿಗಳು ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿನ ಮನೆತನಗಳು ಕಲ್ಲಿನ ಗೋಪುರದ ಮನೆಗಳನ್ನು ಕಟ್ಟಿಕೊಂಡವು. ಚೀನದ ದಕ್ಷಿಣದಲ್ಲಿ ಕೈಪಿಂಗ್ ಎಂಬ ಸೀಮೆಯ ರೈತರು ಪರದೇಶಕ್ಕೆ ಹೋಗಿ ದುಡಿದು ಕಳಿಸಿದ ಹಣದಿಂದ ಕಳ್ಳರ ಭಯಕ್ಕೆ ಊರೂರಲ್ಲಿ ಗೋಪುರದ ಮನೆಗಳೆದ್ದವು. ೨೦೦೭ರಲ್ಲಿ ಯುನೆಸ್ಕೋ ಅವುಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ದೊರೆತನ ದೂರವಾಗಿ ದರೋಡೆ ಹತ್ತಿರವಾದಾಗ ಮನೆಯೇ ಕೋಟೆಯಾಗುವುದು ಎಲ್ಲ ದೇಶಗಳ ಅನುಭವ.

ಇನ್ನು ಗಢಿಯ ಕಟ್ಟಡಕ್ಕೆ ಬರೋಣ. ಅದು ಶೋಭೆಗಾಗಿ ಕಟ್ಟಿದ ಕಟ್ಟಡವಲ್ಲ. ಅದರ ಒಂದೊಂದು ಅಂಗಕ್ಕೂ ಒಂದು ಲೆಕ್ಕಾಚಾರವುಂಟು. ಗೋಡೆ ಬುಡದಲ್ಲಿ ದಪ್ಪ, ಮೇಲಕ್ಕೆ ಹೋದಂತೆ ಸಪೂರ. ಹೀಗೆ ಒಳಕ್ಕೆ ವಾಲಿದ ಗೋಡೆಗೆ ತನ್ನ ಭಾರವೇ ಆಸರೆ. ಕೊತ್ತಳಗಳು ದುಂಡಗಿರುವುದು ಚೆಲುವಿಗಲ್ಲ. ಚೌಕ ಕೊತ್ತಳದ ಮೂಲೆಯನ್ನು ಗುಂಡು ಸುಲಭವಾಗಿ ಒಡೆಯುತ್ತದೆ, ದುಂಡಗಿನ ಮೈಯಿಂದ ಅದು ಜಾರುತ್ತದೆ. ಮೇಲಾಗಿ, ಮೂಲೆಯ ಮರೆಯಲ್ಲಿ ಶತ್ರು ಅಡಗಿ ನಿಲ್ಲಲು ಎಡೆಯಿರುವುದಿಲ್ಲ. ಗೋಡೆಯಲ್ಲಿ ಅಲ್ಲಲ್ಲಿ ಬಂದೂಕಿನ ಕಿಂಡಿಗಳು. ಅವು ಒಳಗಡೆ ಅಗಲ, ಹೊರಗಡೆ ಕಿರಿದು. ಒಳಗಿನವನಿಗೆ ಬಂದೂಕನ್ನು ಆಚೀಚೆ ತಿರುಗಿಸಲು ಜಾಗ. ಹೊರಗಿನವನಿಗೆ ಗುರಿಯಿಡಲು ಬೆರಳಗಲದ ಸೀಳು ಮಾತ್ರ.

ಈ ಭಾಗದ ಮತ್ತು ನೆರೆಯ ಮರಾಠವಾಡದ ಎಷ್ಟೋ ಗಢಿಗಳಲ್ಲಿ ಕೆಳಗಿನ ಭಾಗ ಮಾತ್ರ ಕಗ್ಗಲ್ಲು, ಮೇಲಿನದು ಬಿಳಿಮಣ್ಣು. ಮರಾಠಿಯಲ್ಲಿ ಪಾಂಢರಿ ಎನ್ನುತ್ತಾರೆ. ಹಳ್ಳಿಯ ನೆಲವನ್ನೇ ಹಿಂದಿನವರು ಪಾಂಢರಿ, ಕಾಳಿ ಎಂದು ಎರಡಾಗಿ ಎಣಿಸುತ್ತಿದ್ದರು. ಕಾಳಿ ಎಂದರೆ ಉಳುವ ಕರಿನೆಲ, ಪಾಂಢರಿ ಎಂದರೆ ಮನೆ ಕಟ್ಟುವ ಬಿಳಿನೆಲ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುತ್ತದೆ. ಅದರಿಂದ ಗೋಡೆ ನಿಲ್ಲದು. ಬಿಳಿಮಣ್ಣು ಹಾಗಲ್ಲ. ಅದನ್ನು ಕಲಸಿ, ತುಳಿದು, ಹದಗೊಳಿಸಿ ಏರಿಸಿದ ಮೊಳಗಟ್ಟಲೆ ದಪ್ಪದ ಗೋಡೆಗೆ ಬಡಿದ ಫಿರಂಗಿಯ ಗುಂಡು ಕಲ್ಲನ್ನು ಸಿಡಿಸಿದಂತೆ ಅದನ್ನು ಸಿಡಿಸದು. ಮಣ್ಣು ಗುಂಡನ್ನು ನುಂಗಿಬಿಡುತ್ತದೆ. ಆದರೆ ಆ ಗೋಡೆಗೆ ವರ್ಷ ವರ್ಷ ಕೈ ಬೇಕು. ನೆತ್ತಿಯ ಗಿಲಾವು ಬಿರಿದು ಒಂದು ಮಳೆಗಾಲದ ನೀರು ಒಳಗೆ ಇಳಿದರೆ ಸಾಕು, ಶತ್ರುವಿನ ಫಿರಂಗಿ ಮಾಡಲಾಗದ್ದನ್ನು ನೀರು ಮಾಡಿ ಮುಗಿಸುತ್ತದೆ. ಗಢಿಗಳು ಯುದ್ಧದಲ್ಲಿ ಬಿದ್ದುದಕ್ಕಿಂತ ಸುಮ್ಮನೆ ಕರಗಿಹೋದುದೇ ಹೆಚ್ಚು.

ಬಾಗಿಲಿನ ಲೆಕ್ಕಾಚಾರ ಇನ್ನೂ ಸೂಕ್ಷ್ಮ. ಹೆಬ್ಬಾಗಿಲಿಗೆ ನೇರವಾಗಿ ಓಡಿಬಂದು ಎರಗಲು ಆಗದಂತೆ ದಾರಿಯನ್ನು ತಿರುಗಿಸಿರುತ್ತಾರೆ. ಆನೆಗೆ ಹಿಂದೆ ಸರಿದು ರಭಸ ತಂದುಕೊಳ್ಳಲು ಎಡೆಯಿರುವುದಿಲ್ಲ. ಕದಗಳಿಗೆ ಕಬ್ಬಿಣದ ಮೊಳೆಗಳು. ಆ ದೊಡ್ಡ ಕದದಲ್ಲಿ ಒಂದು ಚಿಕ್ಕ ದಿಂಡಿ ಬಾಗಿಲು. ದಿನನಿತ್ಯದ ಓಡಾಟವೆಲ್ಲ ಅದರಲ್ಲೇ. ಒಬ್ಬೊಬ್ಬರೇ, ತಲೆ ತಗ್ಗಿಸಿ, ಮೊದಲು ಒಂದು ಕಾಲು ಒಳಗಿಟ್ಟು ಹೋಗಬೇಕು. ಒಳಗಿನ ಕಾವಲುಗಾರನಿಗೆ ಇದರಿಂದ ರಕ್ಷಣೆ. ಆದರೆ ಇನ್ನೂ ಒಂದು ಪ್ರಯೋಜನವುಂಟು. ಎಂಥವನಾದರೂ ಒಡೆಯನ ಮನೆಯನ್ನು ಹೊಗುವಾಗ ಬಾಗಿಯೇ ಹೊಗುತ್ತಾನೆ. ವಂದನೆಯನ್ನು ಕಟ್ಟಡವೇ ವಸೂಲು ಮಾಡಿಕೊಳ್ಳುತ್ತದೆ.

ಒಳಗೆ ದೇವಡಿ, ಕಾವಲಿನವರ ಕಟ್ಟೆ. ಅದರಾಚೆಗೆ ಸದರು: ಒಡೆಯನು ಲೋಡಿಗೆ ಒರಗಿ ಕುಳಿತು ಅಹವಾಲು ಕೇಳುವ ಜಾಗ. ಪಕ್ಕದಲ್ಲಿ ದಫ್ತರ, ಲೆಕ್ಕ ಬರೆಯುವವರು. ಇನ್ನೂ ಒಳಗೆ ಚೌಕ, ಸುತ್ತ ಮರದ ಕಂಬಗಳ ಪಡಸಾಲೆ, ಹೆಂಗಸರ ಕೋಣೆಗಳು, ದೇವರ ಮನೆ, ಬಾವಿ. ಬಾವಿ ಗೋಡೆಯ ಒಳಗೇ ಇರಬೇಕು. ನೀರಿಲ್ಲದ ಕೋಟೆಯನ್ನು ಗೆಲ್ಲಲು ಯುದ್ಧ ಬೇಕಿಲ್ಲ, ಕಾಯ್ದರೆ ಸಾಕು. ಕೊನೆಯದಾಗಿ ಹಗೇವು. ನೆಲವನ್ನು ಆಳವಾಗಿ ತೋಡಿ, ಒಳಮೈಗೆ ಹುಲ್ಲು ಹೊಟ್ಟು ಒತ್ತಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿಬಿಟ್ಟರೆ ಒಳಗೆ ಗಾಳಿಯಾಡದು, ಹುಳು ಬದುಕದು. ಹಗೇವು ತೆರೆದೊಡನೆ ಯಾರೂ ಒಳಗೆ ಇಳಿಯಬಾರದು. ಒಳಗಿನ ಕೆಟ್ಟ ಗಾಳಿಗೆ ಇಳಿದವನು ಮೇಲಕ್ಕೆ ಬಾರದೆ ಹೋದಾನು. ಹಳಬರು ದೀಪ ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಮನುಷ್ಯರನ್ನು ಇಳಿಸುತ್ತಿದ್ದರು.

ಗಢಿಯ ಹೃದಯ ಯಾವುದು ಎಂದು ಯಾರಾದರೂ ಕೇಳಿದರೆ ಸದರಲ್ಲ, ದೇವರ ಮನೆಯಲ್ಲ, ಈ ಹಗೇವೇ ಎಂದು ನಾನು ಹೇಳುತ್ತೇನೆ. ಸುತ್ತಲಿನ ಗೋಡೆ, ಕಿಂಡಿ, ಕೊತ್ತಳ ಎಲ್ಲವೂ ಇದನ್ನು ಕಾಯುವುದಕ್ಕೆ. ಬರಗಾಲದಲ್ಲಿ ಹಗೇವು ತೆರೆದ ಒಡೆಯನನ್ನು ಊರು ತಲೆಮಾರುಗಳ ತನಕ ನೆನೆದೀತು. ಬೆಲೆ ಏರಲೆಂದು ಮುಚ್ಚಿಟ್ಟವನನ್ನೂ ನೆನೆದೀತು.

ಭಾಲ್ಕಿಯಲ್ಲಿ ಬಸ್ಸಿಳಿದು ನಾವು ಗಢಿಯ ಕಡೆಗೆ ನಡೆದೆವು. ಪೇಟೆಯ ಗದ್ದಲದ ನಡುವೆಯೇ ಅದರ ಗೋಡೆ ಎದ್ದು ಕಾಣುತ್ತದೆ. ಹಿಂದೆ ಊರು ಕೋಟೆಯಿಂದ ಅಂತರವಿಟ್ಟು ನಿಂತಿತ್ತು. ಈಗ ಊರು ಕೋಟೆಗೆ ಒರಗಿಕೊಂಡಿದೆ. ಕಲ್ಲಿನ ಸಂದುಗಳಲ್ಲಿ ಅರಳಿಯ ಸಸಿಗಳು ಬೇರು ಇಳಿಸಿವೆ. ಒಬ್ಬ ಹುಡುಗ ಗೋಡೆಗೆ ಚೆಂಡು ಎಸೆದು ತಾನೇ ಹಿಡಿಯುತ್ತಿದ್ದ. ಮುನ್ನೂರು ವರ್ಷದ ಹಿಂದಿನ ಜಿಂಕೆಯ ಜಗಳವಾಗಲಿ ಚೌಥದ ಲೆಕ್ಕವಾಗಲಿ ಅವನಿಗೆ ಬೇಕಿರಲಿಲ್ಲ. ಚೆಂಡು ಮರಳಿ ಬರುವಂಥ ಗಟ್ಟಿ ಗೋಡೆ ಬೇಕಿತ್ತು.

ಬಾಗಿಲ ಹತ್ತಿರ ಬಂದಾಗ ನಡೆದ ಒಂದು ಸಂಗತಿಯನ್ನು ಹೇಳಬೇಕು. ಮುಂದೆ ಹೋಗುತ್ತಿದ್ದ ನಾನು ಹಿಂತಿರುಗಿ ನೋಡಿದಾಗ ಕಾಕಾ ನಿಂತುಬಿಟ್ಟಿದ್ದರು. ಕಾಲಿನ ಚಪ್ಪಲಿ ಕೈಗೆ ಬಂದಿದ್ದವು. ನಾನು ನೋಡುತ್ತಿರುವುದು ತಿಳಿದೊಡನೆ ಅವರಿಗೇ ನಾಚಿಕೆಯಾಯಿತು. ಚಪ್ಪಲಿಗಳನ್ನು ಕೆಳಗೆ ಹಾಕಿ ಮೆಟ್ಟಿಕೊಂಡು ನಕ್ಕರು.

“ನಮ್ಮಪ್ಪ ಹಿಂಗೇ ಮಾಡ್ತಿದ್ದ. ನಾ ಸಣ್ಣಾಂವ ಇದ್ದಾಗ ಅವನ ಕೈ ಹಿಡಕೊಂಡು ಬಂದಾಗೆಲ್ಲ, ‘ತೆಗೀ, ತೆಗೀ’ ಅಂತಿದ್ದ. ಆಗ ಒಳಗ ಯಾರೂ ಇದ್ದಿಲ್ಲ ಬಿಡ್ರಿ, ಜಾಗೀರು ಹೋಗಿ ಎಷ್ಟೋ ವರ್ಷ ಆಗಿತ್ತು. ಖರೆ, ಕಾಲಿಗಿ ಅದು ತಿಳೀಬೇಕಲ್ಲ?”

ಕಾಲಿಗೆ ಅದು ತಿಳಿಯಬೇಕಲ್ಲ! ಇತಿಹಾಸದ ಪುಸ್ತಕಗಳು ಜಾಗೀರು ಮುಗಿದ ದಿನವನ್ನು ಖಚಿತವಾಗಿ ಹೇಳುತ್ತವೆ. ಅದು ಮೂರು ಹಂತಗಳಲ್ಲಿ ಮುಗಿಯಿತು. ಮೊದಲನೆಯದು ಸಾಲಾರ್ ಜಂಗನ ಕಾಲದ್ದು. ೧೮೫೩ರಲ್ಲಿ ಹೈದರಾಬಾದಿನ ದಿವಾನನಾದ ಆತ ೧೮೬೫ರಲ್ಲಿ ಜಿಲ್ಲಾಬಂದಿ ಜಾರಿಗೆ ತಂದು, ಸರ್ಕಾರದ ಸ್ವಂತ ಸೀಮೆಯಲ್ಲಿ ಕಂದಾಯ ಎತ್ತುವ ಕೆಲಸವನ್ನು ದೇಶಮುಖರ, ಗುತ್ತಿಗೆದಾರರ ಕೈಯಿಂದ ತೆಗೆದು ಸಂಬಳದ ಅಧಿಕಾರಿಗಳಿಗೆ ವಹಿಸಿದ. ದೇಶಮುಖರಿಗೆ ರುಸುಮು ಎಂಬ ನಗದು ಸಂದಾಯ ಉಳಿಯಿತು. ಆದರೆ ಜಾಗೀರುಗಳು ಜಾಗೀರುಗಳಾಗಿಯೇ ಉಳಿದವು. ಸಂಸ್ಥಾನದ ನೆಲದಲ್ಲಿ ಸುಮಾರು ೧೦ರಲ್ಲಿ ೪ ಪಾಲು ಜಾಗೀರದಾರರ ಮತ್ತು ನಿಜಾಮನ ಖಾಸಗಿ ಸೀಮೆಯಾಗಿ ದಿವಾನಿಯ ಹೊರಗೇ ಇತ್ತು. ಎರಡನೆಯದು ೧೯೪೮ರ ಸೆಪ್ಟೆಂಬರ ೧೭, ನಿಜಾಮನ ಆಳ್ವಿಕೆ ಕೊನೆಗೊಂಡ ದಿನ. ಮೂರನೆಯದು ೧೯೪೯ರ ಆಗಸ್ಟಿನ ಜಾಗೀರು ರದ್ದತಿಯ ಕಾನೂನು. ಅದರ ಮರುವರ್ಷವೇ ಗೇಣಿದಾರರ ಕಾನೂನು ಬಂತು. ೧೯೫೬ರ ನವೆಂಬರ ೧ರಂದು ಹಳೆಯ ಬೀದರ ಜಿಲ್ಲೆ ಭಾಷೆಯ ಗೆರೆಗಳ ಮೇಲೆ ಹಂಚಿಹೋಗಿ, ಬೀದರ, ಭಾಲ್ಕಿ, ಔರಾದ, ಹುಮನಾಬಾದ ಮೊದಲಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಇಷ್ಟೆಲ್ಲ ಆದರೂ ಒಂದು ಕಾಲಿಗೆ ಸುದ್ದಿ ಇನ್ನೂ ಪೂರ್ತಿಯಾಗಿ ಮುಟ್ಟಿರಲಿಲ್ಲ. ಕಾನೂನು ಹೊಲದ ಪಹಣಿಯನ್ನು ಒಂದು ದಿನದಲ್ಲಿ ತಿದ್ದುತ್ತದೆ. ಮೈಯನ್ನು ತಿದ್ದಲು ಎರಡು ತಲೆಮಾರು ಬೇಕು.

ಹಾಗಾದರೆ ಗಢಿಯೆಂದರೆ ಬರಿಯ ದಬ್ಬಾಳಿಕೆಯ ಗುರುತೆ? ಹಾಗೆಂದು ತೀರ್ಪು ಕೊಡುವುದು ಸುಲಭ. ಆದರೆ ಈ ಜಿಲ್ಲೆಯ ನೆನಪು ಅಷ್ಟು ಸರಳವಲ್ಲ. ೧೯೪೮ರ ಮೇ ತಿಂಗಳಲ್ಲಿ ಇದೇ ಜಿಲ್ಲೆಯ ಗೋರ್ಟಾ ಎಂಬ ಹಳ್ಳಿಯ ಮೇಲೆ ರಜಾಕಾರರು ಎರಗಿದರು. ಇನ್ನೂರು ಜನರಷ್ಟು ಹತರಾದರೆಂದು ಹೇಳುತ್ತಾರೆ. ಆ ದಿನ ಊರಿನ ಒಬ್ಬ ಸಾಹುಕಾರರ ದೊಡ್ಡ ಮನೆಯಲ್ಲಿ ಸೇರಿಕೊಂಡ ನೂರಾರು ಜನ ಬದುಕಿ ಉಳಿದರು. ಯಾವ ದಪ್ಪ ಗೋಡೆ ಹಳ್ಳಿಯವನಿಗೆ ಬೇರೆ ದಿನಗಳಲ್ಲಿ “ನೀನು ಹೊರಗಿನವನು” ಎನ್ನುತ್ತಿತ್ತೋ ಅಂಥದೇ ಗೋಡೆ ಆ ದಿನ “ಒಳಗೆ ಬಾ” ಎಂದಿತು. ಗೋಡೆಗೆ ಸ್ವಂತ ಗುಣವೆಂಬುದಿಲ್ಲ. ಬಾಗಿಲು ತೆರೆಯುವ ಕೈ ಯಾರದು, ಯಾವಾಗ ತೆರೆಯುತ್ತಾರೆ ಎಂಬುದರ ಮೇಲೆ ಅದರ ಪಾಪಪುಣ್ಯಗಳು ನಿಂತಿವೆ.

ಬಾಗಿಲು ತೆರೆದ ಇನ್ನೊಂದು ಮನೆಯ ಮಾತು ಇಲ್ಲಿ ನೆನಪಿಗೆ ಬರುತ್ತದೆ. ಬೆಳಗಾವಿ ಜಿಲ್ಲೆಯ ಸಿರಸಂಗಿಯ ವಾಡೆ, ನವಲಗುಂದ ಸಿರಸಂಗಿ ದೇಸಾಯಿಯವರದು. ಆ ಮನೆತನಕ್ಕೆ ದತ್ತಕವಾಗಿ ಬಂದ ಲಿಂಗರಾಜ ದೇಸಾಯಿ ೧೯೦೪ರಲ್ಲಿ ಧಾರವಾಡದಲ್ಲಿ ಸೇರಿದ ವೀರಶೈವ ಮಹಾಸಭೆಯ ಮೊದಲನೆಯ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದವರು. ಮಕ್ಕಳಿಲ್ಲದ ಅವರು ೧೯೦೬ರಲ್ಲಿ ತೀರಿಕೊಳ್ಳುವ ಮುನ್ನ ಮೃತ್ಯುಪತ್ರ ಬರೆದು, ಸಂಸ್ಥಾನದ ಆಸ್ತಿಯನ್ನು ಸಮಾಜದ ಹುಡುಗರ ವಿದ್ಯಾಭ್ಯಾಸಕ್ಕೆಂದು ಬಿಟ್ಟರು. ಆ ನಿಧಿಯ ಬಲದಿಂದ ಓದಿ ಮುಂದೆ ಬಂದವರು ಉತ್ತರ ಕರ್ನಾಟಕದಲ್ಲಿ ಎಷ್ಟೋ ಮಂದಿ. ೧೯೩೩ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಲಿಂಗರಾಜ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಹೊಲದಿಂದ ವಾಡೆಯ ಹಗೇವಿಗೆ ಇಳಿದ ಕಾಳು ಅಲ್ಲಿಂದ ಮೇಲೆದ್ದು ಪಾಟಿ ಪುಸ್ತಕವಾಗಿ ಹಳ್ಳಿಯ ಮನೆಗಳಿಗೆ ಹಿಂತಿರುಗಿತು ಎನ್ನಬೇಕು. ಎಲ್ಲ ಒಡೆಯರೂ ಹೀಗೆ ಮಾಡಲಿಲ್ಲ. ಆದರೆ ಮಾಡಬಹುದಾಗಿತ್ತು ಎಂಬುದಕ್ಕೆ ಒಬ್ಬರಾದರೂ ಸಾಕ್ಷಿಯಾಗಿ ನಿಂತರು.

ಭಾಲ್ಕಿಯಲ್ಲೇ ಬೇರೊಂದು ಬಗೆಯ ಕೋಟೆಯೂ ಎದ್ದಿತ್ತು. ನಿಜಾಮನ ಆಡಳಿತದಲ್ಲಿ ಉರ್ದುವೇ ಓದಿನ ಭಾಷೆಯಾಗಿದ್ದ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಶಾಲೆಯ ಹಲಗೆ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಈ ಕಥೆಯನ್ನು ಬೀದರ ಜಿಲ್ಲೆಯಲ್ಲಿ ಅರಿಯದವರಿಲ್ಲ. ಅಲ್ಲಿ ಕೊತ್ತಳವಿರಲಿಲ್ಲ, ಕಿಂಡಿಯಿರಲಿಲ್ಲ. ಒಂದು ಮರದ ಹಲಗೆಯೇ ಗೋಡೆಯಾಗಿತ್ತು. ಅದು ಕಾಯ್ದದ್ದು ಕಾಳನ್ನಲ್ಲ, ಅಕ್ಷರವನ್ನು. ಕಲ್ಲಿನ ಗಢಿ ಇಂದು ಬಿರಿಯುತ್ತಿದೆ. ಆ ಹಲಗೆಯ ಹಿಂದೆ ಉಳಿದ ಕನ್ನಡದಲ್ಲಿ ನಾವು ಮಾತನಾಡುತ್ತಿದ್ದೇವೆ.

ಜಾಗೀರು ಹೋದ ಮೇಲೆ ಗಢಿಗಳ ಗತಿ ಏನಾಯಿತು? ಕೆಲವು ಶಾಲೆಗಳಾದವು, ಕೆಲವು ಕಚೇರಿಗಳಾದವು. ವಂಶದವರು ಪಟ್ಟಣ ಸೇರಿದ ಕಡೆ ಬೀಗ ಬಿತ್ತು. ಬೀಗ ಬಿದ್ದ ಮನೆಯ ಮಾಳಿಗೆಗೆ ಮಣ್ಣು ಹಾಕುವವರಿಲ್ಲ. ಮೊದಲು ತೊಲೆ ಜಂತೆಗಳು ಹೋದವು, ಆಮೇಲೆ ಕಲ್ಲು, ಕೊನೆಗೆ ಮಣ್ಣು. ಹಾಳುಬಿದ್ದ ಗೋಡೆಯ ಬಿಳಿಮಣ್ಣು ಮಾಳಿಗೆಗೆ ಹೊದಿಸಲು ಬಹಳ ಒಳ್ಳೆಯದು, ಸೋರುವುದಿಲ್ಲ. ಆದಕಾರಣ ಮಳೆಗಾಲಕ್ಕೆ ಮುಂಚೆ ಜನ ಬುಟ್ಟಿ ಹಿಡಿದು ಬಂದು ಅದನ್ನು ಹೊತ್ತೊಯ್ಯುತ್ತಿದ್ದರು. ಪುರಾತತ್ತ್ವ ಬಲ್ಲವರು ಇದನ್ನು ಲೂಟಿ ಎನ್ನುತ್ತಾರೆ. ನಾನು ಆ ಮಾತನ್ನು ಕಾಕಾ ಅವರ ಮುಂದೆ ಆಡಿದಾಗ ಅವರು ಒಪ್ಪಲಿಲ್ಲ.

“ಲೂಟಿ ಹ್ಯಾಂಗ್ರಿ ಮಾಸ್ತರ್? ಈ ಗ್ವಾಡಿ ಕಟ್ಟಲಾಕ ಮಣ್ಣು ಹೊತ್ತವ್ರು ಯಾರು? ನಮ್ಮ ಹಿರೇರು. ಬಿಟ್ಟಿ ಹೊತ್ತಾರ. ನಮ್ಮ ಮಣ್ಣು ನಮ್ಮ ಮಾಳಿಗಿಗಿ ಬಂತು, ಅಷ್ಟೇ.”

ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಬಿಟ್ಟಿ ಎಂಬ ಆ ಒಂದು ಮಾತನ್ನು ಅವರು ಸಿಟ್ಟಿಲ್ಲದೆ, ಮಳೆ ಬಂತು ಎಂದು ಹೇಳುವಷ್ಟು ಸಹಜವಾಗಿ ಆಡಿದರು. ಅರಮನೆಗಳನ್ನು ನೋಡಲು ಹೋಗುವ ನಾವು ಕಟ್ಟಿಸಿದವರ ಹೆಸರು ಕೇಳುತ್ತೇವೆ. ಕಟ್ಟಿದವರ ಹೆಸರು ಕೇಳುವುದಿಲ್ಲ. ಕೇಳಿದರೂ ಹೇಳುವ ಶಾಸನವಿಲ್ಲ. ಆದರೆ ಅವರ ಮೊಮ್ಮಗನೊಬ್ಬ ನನ್ನ ಪಕ್ಕದಲ್ಲೇ ನಿಂತಿದ್ದ.

ಬಿಸಿಲು ಇಳಿಯುವ ತನಕ ನಾವು ಅಲ್ಲಿದ್ದೆವು. ಹೊರಡುವಾಗ ನಾನು ಕೊನೆಯ ಪ್ರಶ್ನೆ ಕೇಳಿದೆ: “ಹಂಗಾರ ಇದು ಬಿದ್ದು ಹೋಗ್ಲಿ ಅಂತೀರೇನು ಕಾಕಾ?”

ಅವರು ಬಹಳ ಹೊತ್ತು ಗೋಡೆಯನ್ನೇ ನೋಡಿದರು. “ಬೀಳಬಾರ್ದು. ಬಿದ್ರ ನಮ್ಮಪ್ಪ ಎದಕ ಚಪ್ಪಲಿ ತೆಗೀತಿದ್ದ ಅಂತ ನನ್ನ ಮೊಮ್ಮಗಗ ಹ್ಯಾಂಗ ತೋರಿಸ್ಲಿ? ಇರ್ಲಿ. ಬಾಗಿಲಾ ಮಾತ್ರ ತೆರದಿರ್ಲಿ.”

ಸ್ಮಾರಕಗಳನ್ನು ಏಕೆ ಉಳಿಸಬೇಕೆಂಬುದಕ್ಕೆ ಪಂಡಿತರು ಬರೆದ ಕಾರಣಗಳನ್ನು ನಾನು ಓದಿದ್ದೇನೆ. ಶಿಲ್ಪಕ್ಕಾಗಿ, ಪ್ರವಾಸೋದ್ಯಮಕ್ಕಾಗಿ, ಪೂರ್ವಜರ ಗೌರವಕ್ಕಾಗಿ. ಅವುಗಳಾವುವೂ ಸುಳ್ಳಲ್ಲ. ಆದರೆ ಈ ರೈತರು ಕೊಟ್ಟ ಕಾರಣ ಅವೆಲ್ಲಕ್ಕಿಂತ ಗಟ್ಟಿಯಾದದ್ದು. ಒಡೆಯರ ವೈಭವವನ್ನು ಹೊಗಳುವುದಕ್ಕೂ ಅಲ್ಲ, ಹಗೆ ತೀರಿಸಿಕೊಳ್ಳುವುದಕ್ಕೂ ಅಲ್ಲ. ತನ್ನ ತಂದೆಯ ಬಾಳನ್ನು ಮೊಮ್ಮಗನಿಗೆ ಅರ್ಥಮಾಡಿಸುವುದಕ್ಕೆ ಆ ಗೋಡೆ ಬೇಕು. ಹಾಗೆ ಉಳಿಸುವುದಾದರೆ ದೊಡ್ಡ ಖರ್ಚೂ ಬೇಡ. ಸಂದುಗಳ ಅರಳಿ ಸಸಿಗಳನ್ನು ಬೇರು ಸಮೇತ ಕಿತ್ತು, ಗೋಡೆಯ ನೆತ್ತಿಗೆ ಸುಣ್ಣದ ಗಾರೆ ಮೆತ್ತಿ, ನೀರು ಹೊರಗೆ ಹರಿಯುವಂತೆ ಮಾಡಿದರೆ ಅರ್ಧ ಕೆಲಸವಾದಂತೆ. ಸಿಮೆಂಟು ಮಾತ್ರ ಬಳಿಯಬಾರದು. ಸಿಮೆಂಟು ಹಳೆಯ ಗೋಡೆಯ ಒದ್ದೆಯನ್ನು ಹೊರಗೆ ಬಿಡದೆ ಒಳಗೊಳಗೇ ಅದನ್ನು ಕೊಳೆಯಿಸುತ್ತದೆ. ಉಳಿದರ್ಧ ಕೆಲಸ, ಗಢಿಯ ಕಥೆಯನ್ನು ಒಳಗಿದ್ದವರ ಬಾಯಿಂದಲೂ ಹೊರಗಿದ್ದವರ ಬಾಯಿಂದಲೂ ಕೇಳಿ ಬರೆದಿಡುವುದು. ಕಲ್ಲು ಇನ್ನೂ ಕೆಲವು ಕಾಲ ಕಾಯ್ದೀತು, ಹೊರಗಿದ್ದವರು ಕಾಯಲಾರರು. ಅವರಿಗೆ ಈಗಾಗಲೇ ಎಂಬತ್ತರ ಸನಿಹ.

ಸಂಜೆ ಒಬ್ಬನೇ ಬೀದರಕ್ಕೆ ಮರಳಿದೆ. ಗಾಂಧಿ ಗಂಜಿನಲ್ಲಿ ವ್ಯಾಪಾರ ಮುಗಿದಿತ್ತು. ಕೆಲವು ಹೆಂಗಸರು ನೆಲದಲ್ಲಿ ಚೆಲ್ಲಿದ ಕಾಳನ್ನು ಗುಡಿಸಿ ಮೊರದಲ್ಲಿ ಕೇರುತ್ತಿದ್ದರು. ಇಲ್ಲಿ ಕೊತ್ತಳವಿಲ್ಲ, ದಿಂಡಿ ಬಾಗಿಲಿಲ್ಲ, ಯಾರೂ ಚಪ್ಪಲಿ ಬಿಡಬೇಕಾಗಿಲ್ಲ. ಅದು ಸಣ್ಣ ಮಾತಲ್ಲ. ಆದರೂ ಬೆಳಿಗ್ಗೆ ದರ ನಿಶ್ಚಯವಾಗುವಾಗ ರಾಶಿಯ ಪಕ್ಕದಲ್ಲಿ ಕುಳಿತಿದ್ದ ಕಾಕಾ ಅವರ ಮುಖ ನೆನಪಾಯಿತು. ಗಢಿಯ ಸದರಿನ ಮುಂದೆ ಅವರ ತಂದೆ ಅಳತೆಗೆ ಕಾಯುತ್ತ ಕುಳಿತಾಗಲೂ ಮುಖ ಹಾಗೆಯೇ ಇದ್ದಿರಬಹುದೆ ಎಂದುಕೊಂಡೆ. ಗೋಡೆ ಹೋಗಿದೆ, ಅಂಗೈಯಲ್ಲಿ ಆಡುತ್ತಿರುವ ಆ ಒಂದು ಹಿಡಿ ಕಾಳಿಗೆ ಬೆಲೆ ಕಟ್ಟುವವರು ಮಾತ್ರ ಇಂದಿಗೂ ಬೇರೆಯವರೇ.